ವಾಲಿಯ ಪ್ರಶ್ನೆ ಕೇಳದೆ ರಾಮನ ಉತ್ತರ

ಪುತ್ತೂರಿನ ಕಡೆಯಿಂದ ನನ್ನ ಸೋದರಮಾವ ಬೆಂಗಳೂರಿಗೆ ಬಂದಿದ್ದರು. ಬಂದ ಕೆಲಸ ಮೊದಲ ದಿನವೇ ಮುಗಿಯಿತು. ವಾಪಸು ಹೋಗುವ ರಾತ್ರಿ ಬಸ್ಸಿಗೆ ಒಂದು ಹಗಲು ಬಾಕಿ. ಲಾಲ್‌ಬಾಗ್ ಹಿಂದೆಯೇ ನೋಡಿದ್ದಾಗಿತ್ತು, ವಿಧಾನಸೌಧವನ್ನು ಹೊರಗಿನಿಂದ ನೋಡಿ ‘ಸಾಕು’ ಅಂದಿದ್ದೂ ಆಗಿತ್ತು. ಮಾಲ್‌ಗೆ ಬರುವ ಪೈಕಿ ಅವರಲ್ಲ. ಹಾಗಾಗಿ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಹೋದೆವು. 2009ರಲ್ಲಿ ತೆರೆದ ಈ ಗ್ಯಾಲರಿ ಇರುವುದು ಮಾಣಿಕ್ಯವೇಲು ಮ್ಯಾನ್ಷನ್ ಎಂಬ ಹಳೆಯ ಬಂಗಲೆಯಲ್ಲಿ. ಹೊರಗೆ ದೊಡ್ಡ ಮರಗಳು, ದಟ್ಟ ನೆರಳು. ಮಾವನಿಗೆ ಮೊದಲು ಹಿಡಿಸಿದ್ದು ಆ ಮರಗಳೇ. ‘ಪೇಟೆ ಮಧ್ಯದಲ್ಲಿ ಇಷ್ಟು ಬಿಟ್ಟಿದ್ದಾರಲ್ಲ, ದೊಡ್ಡ ವಿಷಯ’ ಅಂದರು.

ಹಳೆಯ ಕಾಲದ ಭಾವಚಿತ್ರಗಳಿದ್ದ ಕೋಣೆಗಳಲ್ಲಿ ಅವರ ಉತ್ಸಾಹ ನೋಡಬೇಕಿತ್ತು. ಜರಿಯ ಅಂಚು, ಮೂಗುತಿಯ ಹೊಳಪು, ಮುದುಕನ ಕತ್ತಿನ ಸುಕ್ಕು, ಒಂದನ್ನೂ ಬಿಡದೆ ನೋಡಿದರು. ಮುಂದಿನ ಕೋಣೆಗಳಿಗೆ ಹೋದಂತೆ ಮುಖಗಳು ಉದ್ದವಾದವು, ಕಣ್ಣು ಕೆನ್ನೆಗೆ ಇಳಿಯಿತು, ಆಮೇಲೆ ಮುಖವೇ ಮಾಯವಾಯಿತು. ಕೊನೆಗೆ ಆಳೆತ್ತರದ ಒಂದು ಹಳದಿ ಕ್ಯಾನ್ವಾಸಿನ ಮುಂದೆ ಮಾವ ನಿಂತುಬಿಟ್ಟರು.

‘ಇದೆಂತ ಮಾರಾಯ?’

‘ಚಿತ್ರ, ಮಾವ.’

‘ಅದು ಗೊತ್ತಾಯ್ತು, ಗೋಡೆಯಲ್ಲಿ ತೂಗಿಸಿದ್ದಾರಲ್ಲ. ಎಂತದರ ಚಿತ್ರ?’

ಪಕ್ಕದ ಚೀಟಿಯಲ್ಲಿ ‘ಅನ್‌ಟೈಟಲ್ಡ್’ ಎಂದಿತ್ತು. ಹೆಸರಿಟ್ಟಿಲ್ಲ ಎಂದು ಅರ್ಥ ಹೇಳಿದೆ. ಮಾವ ನನ್ನನ್ನೂ ಹಳದಿಯನ್ನೂ ಒಮ್ಮೆ ನೋಡಿ, ‘ನಾವು ಹಟ್ಟಿಯಲ್ಲಿ ಹುಟ್ಟಿದ ಕರುವಿಗೂ ಅದೇ ದಿನ ಹೆಸರಿಡ್ತೇವೆ’ ಅಂದರು.

ನಗು ಬಂತು. ಆದರೆ ಅವರ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವವನು ನಾನಲ್ಲ. ಆಧುನಿಕ ಕಲೆಯ ಎದುರು ‘ಇದೇನು?’ ಎಂದು ಕೇಳುವವರನ್ನು ದಡ್ಡರಂತೆ ಕಾಣುವ ಒಂದು ಸಣ್ಣ ಪಂಗಡ ಎಲ್ಲ ಊರಿನಲ್ಲೂ ಇದೆ. ‘ಅರ್ಥ ಹುಡುಕಬಾರದು, ಅನುಭವಿಸಬೇಕು’ ಎಂದು ಅವರು ಹೇಳುತ್ತಾರೆ. ನನಗೆ ಈ ಮಾತಿನಲ್ಲಿ ನಂಬಿಕೆ ಇಲ್ಲ. ಯಾರಿಗೂ ಏನನ್ನೂ ವಿವರಿಸಬೇಕಾದ ಕಷ್ಟವಿಲ್ಲದ ಮಾತು ಅದು. ಮಾವನ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಆ ಚೌಕಟ್ಟಿನ ಒಳಗೇ ಸಿಗಬೇಕು ಎಂದುಕೊಳ್ಳುವುದರಲ್ಲಿ ಮಾತ್ರ ಎಡವಟ್ಟಿದೆ.

ಮಾವನ ಪಾಲಿಗೆ ಚಿತ್ರವೆಂದರೆ ಮೈಸೂರಿನ ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಣ್ಣು. ನಮ್ಮಲ್ಲಿ ಬಹುಮಂದಿಗೆ ಹಾಗೆಯೇ. ಒಂದು ಕೈಯಲ್ಲಿ ದೀಪ, ಗಾಳಿಗೆ ಆರದಂತೆ ಇನ್ನೊಂದು ಕೈಯ ಮರೆ, ಬೆರಳ ಸಂದಿಯಲ್ಲಿ ಕೆಂಪಾಗಿ ಸೋರುವ ಬೆಳಕು. ಶಾಲೆಯ ಪ್ರವಾಸದಲ್ಲಿ ಅದನ್ನು ಕತ್ತಲೆಯಲ್ಲಿ ತೋರಿಸಿದಾಗ ಇಡೀ ತರಗತಿ ‘ಹೋ’ ಅಂದಿದ್ದು ನನಗಿನ್ನೂ ನೆನಪಿದೆ. ಎಷ್ಟೋ ಜನ ಅದನ್ನು ರವಿವರ್ಮನ ಚಿತ್ರ ಎಂದೇ ತಿಳಿದಿದ್ದಾರೆ. ಅದು ಎಸ್. ಎಲ್. ಹಲ್ದಣ್‌ಕರ್ ಅವರದು, 1940ರ ದಶಕದ್ದು, ಅದೂ ಜಲವರ್ಣ. ತಪ್ಪಾದರೆ ಮೇಲೆ ಬಣ್ಣ ಬಳಿದು ಮುಚ್ಚುವ ಸೌಲಭ್ಯ ಜಲವರ್ಣದಲ್ಲಿ ಇಲ್ಲ. ಮಾದರಿಯಾಗಿ ನಿಂತವಳು ಕಲಾವಿದರ ಮಗಳು. ಇಂಥ ಕೈಚಳಕವನ್ನು ನೋಡಿ ಬೆಳೆದ ಕಣ್ಣಿಗೆ ಹಳದಿ ಬಳಿದ ಬಟ್ಟೆ ತೋರಿಸಿದರೆ ಮೋಸ ಹೋದ ಹಾಗೆ ಅನಿಸದೆ ಇರುತ್ತದೆಯೇ?

ಆದರೆ ಹಲ್ದಣ್‌ಕರ್ ಆ ದೀಪ ಬರೆಯುವ ಹೊತ್ತಿಗೆ ಫೋಟೊ ಎಂಬುದು ಬಂದು ನೂರು ವರ್ಷ ದಾಟಿತ್ತು. 1839ರಲ್ಲಿ ಪ್ಯಾರಿಸ್ಸಿನಲ್ಲಿ ಡಗೇರ್‌ನ ವಿಧಾನ ಬಹಿರಂಗವಾದದ್ದೇ ತಡ, ಮುಖವನ್ನು ಇದ್ದಂತೆ ಇಳಿಸಿಕೊಡುವ ಕೆಲಸಕ್ಕೆ ಚಿತ್ರಗಾರನೇ ಆಗಬೇಕೆಂದಿಲ್ಲ ಎಂದಾಯಿತು. ಕಸುಬಿನವನಿಗೆ ಯಂತ್ರ ಎದುರು ನಿಂತರೆ ಏನಾಗುತ್ತದೆ? ನೇಕಾರರನ್ನು ಕೇಳಿ, ಹೇಳುತ್ತಾರೆ. ಕೆಲವರು ಕಸುಬು ಬಿಟ್ಟರು, ಕೆಲವರು ಯಂತ್ರಕ್ಕಿಂತ ನಾಜೂಕಾಗಿ ಮಾಡಿ ತೋರಿಸಿದರು. ಇನ್ನು ಕೆಲವರು ಯಂತ್ರಕ್ಕೆ ಆಗದ ಕೆಲಸ ಯಾವುದು ಎಂದು ಹುಡುಕಲು ಹೊರಟರು. ಒಂದೇ ಬಣವೆಯನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮತ್ತೆ ಮತ್ತೆ ಬರೆದ ಮೊನೆ, ಹಣ್ಣಿನ ತಟ್ಟೆಯನ್ನು ಒಂದಕ್ಕಿಂತ ಹೆಚ್ಚು ಕಡೆಯಿಂದ ಒಮ್ಮೆಗೇ ನೋಡಿದ ಸೆಜಾನ್, 1907ರಲ್ಲಿ ಐವರು ಹೆಂಗಸರ ದೇಹಗಳನ್ನು ಒಡೆದ ಗಾಜಿನಂತೆ ಜೋಡಿಸಿದ ಪಿಕಾಸೊ, ಇವರೆಲ್ಲ ಹಾಗೆ ಹೊರಟವರು. ಅವರಿಗೆ ಮುಖ ಬರೆಯಲು ಬರುತ್ತಿರಲಿಲ್ಲ ಎನ್ನುವವರು ಪಿಕಾಸೊ ಹದಿನಾರು ತುಂಬುವ ಮೊದಲು ಬರೆದ ಚಿತ್ರಗಳನ್ನು ನೋಡಬೇಕು. ಯಾವ ಅರಮನೆಯ ಗೋಡೆಗೂ ಸಲ್ಲುವಂಥವು.

ಮಾವನಿಗೆ ಇಷ್ಟೆಲ್ಲ ಹೇಳಲಿಲ್ಲ. ಅವರಿಗೆ ಮೊನೆ ಬೇಡ, ತಾಳಮದ್ದಳೆ ಸಾಕು. ವೇಷವಿಲ್ಲದೆ ಕೂತು ಪಾತ್ರದ ಮಾತನ್ನು, ಅಂದರೆ ‘ಅರ್ಥ’ವನ್ನು, ಹೇಳುವ ಕೂಟ ಅದು. ಊರಿನಲ್ಲಿ ಎಲ್ಲಿ ಕೂಟವಿದ್ದರೂ ಚಾಪೆಯ ಮುಂದಿನ ಸಾಲಿನಲ್ಲಿ ಅವರಿರುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ರಾತ್ರಿಗಳ ಲೆಕ್ಕ ಈಗಲೂ ಇಟ್ಟಿದ್ದಾರೆ. ಹಾಗಾಗಿ ಹೀಗೆ ಕೇಳಿದೆ: ‘ಮಾವ, ವಾಲಿಮೋಕ್ಷ ಶುರುವಾಗಿ ಎರಡು ಗಂಟೆ ಆದ ಮೇಲೆ ಒಬ್ಬ ಬಂದು ಕೂತ ಅಂತ ಇಟ್ಟುಕೊಳ್ಳಿ. ವಾಲಿ ಕೇಳಬೇಕಾದ್ದನ್ನು ಕೇಳಿ ಮುಗಿಸಿದ್ದಾನೆ. ಈಗ ರಾಮನ ಅರ್ಥ ನಡೀತಾ ಉಂಟು. ಅವನಿಗೆ ಎಂತ ಸಿಕ್ಕೀತು?’

‘ಮಣ್ಣು ಸಿಕ್ಕೀತು’ ಅಂದರು ಮಾವ. ‘ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ವಾಲಿ ಕೇಳಿದ್ದು ಗೊತ್ತಿಲ್ಲದಿದ್ರೆ, ರಾಮ ಸುಮ್ಮನೆ ಧರ್ಮದ ಭಾಷಣ ಬಿಗೀತಾ ಇದ್ದಾನೆ ಅಂತ ಕಾಣ್ತದೆ.’

ನನಗೆ ಬೇಕಾದದ್ದು ಅಷ್ಟೇ. ಈ ನೂರಿಪ್ಪತ್ತು ವರ್ಷಗಳ ಕಲೆಯಲ್ಲಿ ನಮ್ಮನ್ನು ತಬ್ಬಿಬ್ಬುಗೊಳಿಸುವ ಬಹುಪಾಲು ಕೃತಿಗಳು ರಾಮನ ಅರ್ಥ. ವಾಲಿಯ ಪ್ರಶ್ನೆ ನಮ್ಮ ಕಿವಿಗೆ ಬಿದ್ದಿರುವುದಿಲ್ಲ. ಮ್ಯೂಸಿಯಂ ಎಂಬುದು ಉತ್ತರಗಳನ್ನು ಗೋಡೆಗೆ ತೂಗುಹಾಕುವ ಜಾಗ. ಪ್ರಶ್ನೆಗೆ ಮೊಳೆ ಹೊಡೆದು ತೂಗಿಸಲು ಬರುವುದಿಲ್ಲ.

ಚಿತ್ರಕಾರ ಮಾಲೆವಿಚ್‌ನ ಕಪ್ಪು ಚೌಕವನ್ನೇ ತೆಗೆದುಕೊಳ್ಳಿ. ಬಿಳಿಯ ನಡುವೆ ಒಂದು ಕಪ್ಪು ಚೌಕ, ಮತ್ತೇನಿಲ್ಲ. 1915ರ ಡಿಸೆಂಬರಿನಲ್ಲಿ ಪೆಟ್ರೊಗ್ರಾಡಿನ ಪ್ರದರ್ಶನದಲ್ಲಿ ಅದನ್ನು ಗೋಡೆಯ ನಡುವೆ ಹಾಕಲಿಲ್ಲ. ಎರಡು ಗೋಡೆ ಕೂಡುವ ಮೂಲೆಯಲ್ಲಿ, ಸೂರಿನ ಹತ್ತಿರ, ಓರೆಯಾಗಿ ಕಟ್ಟಿದರು. ರಷ್ಯಾದ ಮನೆಗಳಲ್ಲಿ ಆ ಮೂಲೆ ದೇವರ ಪಟದ ಜಾಗ. ಒಳಗೆ ಬಂದವರು ಮೊದಲು ಅತ್ತ ತಿರುಗಿ ಶಿಲುಬೆಯ ಗುರುತು ಮಾಡಿ ಆಮೇಲೆ ಮನೆಯವರನ್ನು ಮಾತಾಡಿಸುವುದು ರೂಢಿ. ನಮ್ಮ ಮನೆಯ ದೇವರ ಮಂಟಪದಲ್ಲಿ, ಪಟಗಳನ್ನೆಲ್ಲ ತೆಗೆದು ಒಂದು ಕಪ್ಪು ಹಲಗೆ ಇಟ್ಟರೆ ಅಜ್ಜಿಗೆ ಹೇಗಾದೀತು, ಅಲ್ಲಿಗೆ ಬಂದವರಿಗೂ ಹಾಗೆಯೇ ಆಗಿದ್ದಿರಬೇಕು. ಇನ್ನೆರಡು ವರ್ಷದಲ್ಲಿ ಆ ದೇಶದಲ್ಲಿ ಚಕ್ರವರ್ತಿಯೂ ಉಳಿಯಲಿಲ್ಲ. ಇಂದು ಅದೇ ಚೌಕವನ್ನು ಮಾಸ್ಕೋದ ಗ್ಯಾಲರಿಯಲ್ಲಿ ನೆಟ್ಟಗೆ ತೂಗಿಸಿದ್ದಾರೆ. ಕಪ್ಪು ಬಣ್ಣ ಬಿರುಕುಬಿಟ್ಟು ಒಳಗಿನ ಬಣ್ಣಗಳು ಇಣುಕುತ್ತವೆ. ಮೂಲೆ ಹೋಯಿತು, ಚೌಕ ಉಳಿಯಿತು.

ಕಲಾವಿದ ಡ್ಯುಶಾಂಪ್‌ನ ಮೂತ್ರದ ಬಟ್ಟಲಿನ ಕಥೆಯೂ ಇದೇ ಜಾತಿಯದು. ಅದನ್ನು ಎಲ್ಲರೂ ಕೇಳಿರುತ್ತಾರೆ, ‘ನೋಡಿ, ಇದನ್ನೂ ಕಲೆ ಅಂತಾರಂತೆ’ ಎಂಬ ಒಗ್ಗರಣೆಯೊಂದಿಗೆ. 1917ರಲ್ಲಿ ನ್ಯೂಯಾರ್ಕಿನ ಒಂದು ಕಲಾವಿದರ ಸಂಘ, ಆರು ಡಾಲರ್ ಕಟ್ಟಿದ ಯಾರ ಕೃತಿಯನ್ನಾದರೂ ಆಯ್ಕೆ ಸಮಿತಿಯಿಲ್ಲದೆ ಪ್ರದರ್ಶಿಸುತ್ತೇವೆ ಎಂದು ಸಾರಿತು. ಡ್ಯುಶಾಂಪ್ ಸ್ವತಃ ಆ ಸಂಘದ ಆಡಳಿತ ಮಂಡಳಿಯಲ್ಲಿದ್ದ. ನಳ ಸಾಮಾನಿನ ಅಂಗಡಿಯಿಂದ ಪಿಂಗಾಣಿಯ ಮೂತ್ರದ ಬಟ್ಟಲು ತಂದು, ಅಂಗಾತ ಮಲಗಿಸಿ, ‘ಆರ್. ಮಟ್’ ಎಂದು ಸುಳ್ಳು ಸಹಿ ಹಾಕಿ, ‘ಕಾರಂಜಿ’ ಎಂದು ಹೆಸರಿಟ್ಟು ಕಳಿಸಿದ. ಸಂಘ ತಡವರಿಸಿತು, ಪ್ರದರ್ಶಿಸಲಿಲ್ಲ. ಡ್ಯುಶಾಂಪ್ ರಾಜೀನಾಮೆ ಕೊಟ್ಟ. ಯಾರದನ್ನಾದರೂ ಎಂದಿರಲ್ಲ, ಇದನ್ನು ಯಾಕೆ ತೆಗೆದುಕೊಳ್ಳಲಿಲ್ಲ ಎಂಬುದಷ್ಟೇ ಅವನ ಅರ್ಥಗಾರಿಕೆ. ಅಸಲು ಬಟ್ಟಲು ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಇಂದು ಮ್ಯೂಸಿಯಂಗಳಲ್ಲಿ ಜನ ಸುತ್ತು ಬಂದು ನೋಡುವುದು ಹೆಚ್ಚಾಗಿ 1964ರಲ್ಲಿ ಮಾಡಿಸಿದ ನಕಲುಗಳನ್ನು. ನನ್ನನ್ನು ಕೇಳಿದರೆ, ಈ ಕಥೆ ಕೇಳಿದ ಮೇಲೆ ಆ ಬಟ್ಟಲನ್ನು ಹೋಗಿ ನೋಡಬೇಕಾದ ಅಗತ್ಯವೇ ಇಲ್ಲ. ಒಗಟು ಒಡೆದ ಮೇಲೆ ಕೈಯಲ್ಲಿ ಸಿಪ್ಪೆ ಉಳಿಯುವ ಕೃತಿ ಅದು. ಅಂಥವು ಬಹಳ ಇವೆ, ಹೆಸರಾಂತವುಗಳಲ್ಲೂ ಇವೆ.

ಬ್ರಾಂಕುಶಿಯ ಹಕ್ಕಿ ಹಾಗಲ್ಲ.

ಆ ಹಕ್ಕಿಯ ಪ್ರಕರಣ ಮಾವನಿಗೆ ತುಂಬ ರುಚಿಸಿತು. ಕೋರ್ಟು ಕಚೇರಿಯ ವಿಷಯವೆಂದರೆ ಅಡಿಕೆ ತೋಟದ ಗಡಿ ಜಗಳ ಕಂಡವರಿಗೆ ಕಿವಿ ತಾನಾಗಿ ನೆಟ್ಟಗಾಗುತ್ತದೆ. ಕಾನ್‌ಸ್ಟಂಟಿನ್ ಬ್ರಾಂಕುಶಿ ರುಮೇನಿಯಾದ ಹಳ್ಳಿಯಿಂದ ಪ್ಯಾರಿಸ್ಸಿಗೆ ಬಂದು ನೆಲೆಸಿದ ಶಿಲ್ಪಿ. 1926ರಲ್ಲಿ ಅವನ ಶಿಲ್ಪಗಳು ಹಡಗಿನಲ್ಲಿ ನ್ಯೂಯಾರ್ಕಿಗೆ ಹೋದವು. ಅವನ್ನು ಜೋಪಾನವಾಗಿ ಕೊಂಡೊಯ್ದವನು ಇದೇ ಡ್ಯುಶಾಂಪ್. ಕಲಾಕೃತಿಗೆ ಅಮೆರಿಕದಲ್ಲಿ ಸುಂಕವಿರಲಿಲ್ಲ. ಆದರೆ ಪೆಟ್ಟಿಗೆ ಬಿಚ್ಚಿದ ಸುಂಕದ ಅಧಿಕಾರಿಗೆ ಕಂಡದ್ದು ಆಳೆತ್ತರಕ್ಕೆ ತುಸು ಕಡಿಮೆಯಾದ, ಕನ್ನಡಿಯಂತೆ ಉಜ್ಜಿದ, ನಡುವೆ ತುಸು ಉಬ್ಬಿ ಮೇಲಕ್ಕೆ ಸಪೂರವಾಗುವ ಕಂಚಿನ ಕಡ್ಡಿ. ರೆಕ್ಕೆ ಇಲ್ಲ, ಕೊಕ್ಕು ಇಲ್ಲ, ಕಾಲಿಲ್ಲ. ಹೆಸರು ಮಾತ್ರ ‘ಆಕಾಶದಲ್ಲಿ ಹಕ್ಕಿ’. ಅವನು ಅದನ್ನು ‘ಅಡುಗೆಮನೆಯ ಪಾತ್ರೆ ಮತ್ತು ಆಸ್ಪತ್ರೆಯ ಸಾಮಗ್ರಿ’ ಎಂಬ ಬಾಬ್ತಿಗೆ ಸೇರಿಸಿ ಶೇ 40ರಷ್ಟು ಸುಂಕ ಹಾಕಿದ.

ಅಧಿಕಾರಿಯನ್ನು ಬೈಯುವುದು ಸುಲಭ. ಅವನ ಕೈಯಲ್ಲಿ 1916ರ ಒಂದು ತೀರ್ಪಿತ್ತು. ಶಿಲ್ಪ ಎನಿಸಿಕೊಳ್ಳಬೇಕಾದರೆ ಅದು ಪ್ರಕೃತಿಯಲ್ಲಿರುವ ವಸ್ತುವನ್ನು ಅದರ ಸರಿಯಾದ ಅಳತೆ ಪ್ರಮಾಣದಲ್ಲಿ ಹೋಲಬೇಕು ಎಂದು ಅದು ಹೇಳಿತ್ತು. ಬ್ರಾಂಕುಶಿ ದಾವೆ ಹೂಡಿದ. ಹಕ್ಕಿಯನ್ನು ಕೊಂಡಿದ್ದ ಛಾಯಾಗ್ರಾಹಕ ಎಡ್ವರ್ಡ್ ಸ್ಟೈಕನ್ ಸಾಕ್ಷಿಕಟ್ಟೆಗೆ ಬಂದ. ಇದು ಹಕ್ಕಿಯ ಹಾಗೆ ಕಾಣುತ್ತದೆಯೇ ಎಂದು ನ್ಯಾಯಾಧೀಶರು ಕೇಳಿದರು. ಹಕ್ಕಿಯ ಹಾಗೆ ಕಾಣುವುದಿಲ್ಲ, ಆದರೆ ಹಕ್ಕಿ ಅನಿಸುತ್ತದೆ ಎಂದ. ಕಾಡಿನಲ್ಲಿ ಕಂಡರೆ ಇದಕ್ಕೆ ಗುಂಡು ಹೊಡೆಯುತ್ತೀರಾ ಎಂದು ಕೇಳಿದರು. ಇಲ್ಲ ಎಂದು ಒಪ್ಪಿಕೊಂಡ.

‘ಸೋತ!’ ಎಂದು ಮಾವ ತೊಡೆ ತಟ್ಟಿಕೊಂಡರು.

ಸೋಲಲಿಲ್ಲ. 1928ರ ನವೆಂಬರಿನಲ್ಲಿ ತೀರ್ಪು ಬ್ರಾಂಕುಶಿಯ ಕಡೆಗೆ ಬಂತು. ವಸ್ತುಗಳನ್ನು ಅನುಕರಿಸದೆ ಅಮೂರ್ತ ವಿಚಾರಗಳನ್ನು ಚಿತ್ರಿಸಲು ಹೊರಟ ಹೊಸ ಪಂಥವೊಂದು ಹುಟ್ಟಿಕೊಂಡಿದೆ, ನಮಗೆ ಅದು ಇಷ್ಟವಾಗಲಿ ಬಿಡಲಿ, ಅಂಥದ್ದೊಂದು ಇದೆ ಎಂಬುದನ್ನು ನ್ಯಾಯಾಲಯ ಗಮನಿಸಬೇಕು ಎಂಬುದು ಅದರ ತಾತ್ಪರ್ಯ. ಇಷ್ಟವಾಗಲೇಬೇಕು ಎಂದು ಅವರು ಹೇಳಲಿಲ್ಲ ನೋಡಿ. ಕಲಾವಿಮರ್ಶಕರಿಗಿಂತ ಹೆಚ್ಚಿನ ಸಂಯಮ ಆ ನ್ಯಾಯಾಧೀಶರಲ್ಲಿತ್ತು.

ಇದೇ ಮಾಲಿಕೆಯ ಮೂರು ಹಕ್ಕಿಗಳು ನಮ್ಮ ದೇಶದ ಪಾಲಿಗೂ ಬಂದಿದ್ದವು. ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ಒಂದು ಕಂಚಿನದನ್ನೂ ಬಿಳಿ ಮತ್ತು ಕಪ್ಪು ಅಮೃತಶಿಲೆಯ ಎರಡನ್ನೂ ಕೊಂಡಿದ್ದರು. ಅವುಗಳಿಗಾಗಿ ಒಂದು ಧ್ಯಾನಮಂದಿರ ಕಟ್ಟಿಸುವ ಯೋಚನೆಯಿತ್ತು. ಆ ಕೆಲಸಕ್ಕೆಂದು 1937ರ ಕೊನೆಯಲ್ಲಿ ಬ್ರಾಂಕುಶಿ ಇಂದೋರಿಗೇ ಬಂದ. ಮಂದಿರ ಏಳಲಿಲ್ಲ. ಅಮೃತಶಿಲೆಯ ಹಕ್ಕಿಗಳೆರಡೂ 1970ರ ದಶಕದಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿಗೆ ಹಾರಿಹೋದವು.

ಇಷ್ಟು ಹೊತ್ತಿಗೆ ಮಾವನ ಮಂಡಿ ನೋವು ಶುರುವಾಗಿತ್ತು. ಹಳದಿ ಕ್ಯಾನ್ವಾಸಿನ ಎದುರಿಗೇ ಒಂದು ಬೆಂಚು. ಕೂತರು. ನಾನು ಪಕ್ಕದ ಕೋಣೆಗೆ ಹೋಗಿ ಬರುವಷ್ಟರಲ್ಲಿ ಕಾಲು ಗಂಟೆಯಾದರೂ ಆಗಿತ್ತು. ಮಾವ ಇನ್ನೂ ಅದನ್ನೇ ನೋಡುತ್ತಿದ್ದರು.

ಇಲ್ಲಿ ಒಂದು ಲೆಕ್ಕ ಹೇಳಬೇಕು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಜನ ಒಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಇಬ್ಬರು ಸಂಶೋಧಕರು ಗಡಿಯಾರ ಹಿಡಿದು ನೋಡಿ 2001ರಲ್ಲಿ ಪ್ರಕಟಿಸಿದರು. ಸರಾಸರಿ 27 ಸೆಕೆಂಡು. ಅರ್ಧದಷ್ಟು ಸಲ 17 ಸೆಕೆಂಡೂ ಇಲ್ಲ. ಚೀಟಿ ಓದುವ ಸಮಯವೂ ಅದರಲ್ಲೇ ಸೇರಿತ್ತು. ಬಸ್ಸಿನ ಬೋರ್ಡು ಓದಲು ಅಷ್ಟು ಸಾಕು. ರಾತ್ರಿಯಿಡೀ ಕೂತು ವಾಲಿಯನ್ನು ಕೇಳುವ ನಾವು ಚಿತ್ರಕ್ಕೆ ಕೊಡುವುದು ಇಷ್ಟೇ ಹೊತ್ತು. 1961ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಮತಿಸ್ಸನ ‘ದೋಣಿ’ಯನ್ನು 47 ದಿನ ತಲೆಕೆಳಗಾಗಿ ತೂಗಿಸಿತ್ತು. ಲಕ್ಷಕ್ಕೂ ಹೆಚ್ಚು ಜನ ಅದರ ಮುಂದೆ ಹಾದುಹೋದರು. ಅವರಲ್ಲಿ ಕಲಾವ್ಯಾಪಾರಿಯಾಗಿದ್ದ ಕಲಾವಿದನ ಸ್ವಂತ ಮಗನೂ ಒಬ್ಬ. ಕೊನೆಗೆ ಪತ್ತೆಹಚ್ಚಿದ್ದು ಷೇರುಪೇಟೆಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು. ಹಾಯಿಗಿಂತ ನೀರಿನಲ್ಲಿ ಬಿದ್ದ ಅದರ ನೆರಳಿಗೇ ಹೆಚ್ಚು ಗೆರೆ ಹಾಕುವುದು ಮತಿಸ್ಸನ ಜಾಯಮಾನವಲ್ಲ ಎಂದು ಆಕೆಗೆ ಅನಿಸಿತಂತೆ. ಮೊಂಡ್ರಿಯಾನನ ಬಣ್ಣದ ಪಟ್ಟಿಗಳ ಚಿತ್ರವೊಂದು ಮ್ಯೂಸಿಯಂಗಳಲ್ಲಿ 1945ರಿಂದಲೂ ಉಲ್ಟಾ ಇದೆ ಎಂದು ಜರ್ಮನಿಯಲ್ಲಿ ತಿಳಿದದ್ದು 2022ರಲ್ಲಿ. ಈಗ ತಿರುಗಿಸಿದರೆ ಹಳೆಯ ಅಂಟುಪಟ್ಟಿ ಕಿತ್ತುಬಂದೀತೆಂದು ಹಾಗೆಯೇ ಬಿಟ್ಟಿದ್ದಾರೆ. 

ಮಾವ ಕರೆದರು. ‘ಇಲ್ಲಿ ಬಾ. ಇದು ಒಂದು ಹಳದಿ ಅಲ್ಲ. ಕೆಳಗೆ ಬೇರೆ ಬಣ್ಣ ಉಂಟು, ಅದರ ಮೇಲೆ ಎಂತದೋ ಒತ್ತಿ ತೆಗೆದಿದ್ದಾನೆ. ಅಂಗಳಕ್ಕೆ ಸೆಗಣಿ ಸಾರಿಸಿದಾಗ ಒಣಗ್ತಾ ಬರುವಾಗ ಒಂದೊಂದು ಕಡೆ ತಿಳಿಯಾಗ್ತದಲ್ಲ, ಹಾಗೆ.’

ಬೆರಗಾದೆ. ಇಂಥ ಚಿತ್ರಗಳ ನಮ್ಮ ದೇಶದ ದೊಡ್ಡ ಹೆಸರು ವಿ. ಎಸ್. ಗಾಯ್ತೊಂಡೆ ಅವರದು. 1924ರಲ್ಲಿ ನಾಗಪುರದಲ್ಲಿ ಹುಟ್ಟಿ, ಮುಂಬೈಯಲ್ಲಿ ಕಲಿತು, ದೆಹಲಿಯ ನಿಜಾಮುದ್ದೀನಿನಲ್ಲಿ ಒಂಟಿಯಾಗಿ ಬದುಕಿ 2001ರಲ್ಲಿ ತೀರಿಕೊಂಡವರು. ವರ್ಷಕ್ಕೆ ಬೆರಳೆಣಿಕೆಯ ಚಿತ್ರ. ಕುಂಚಕ್ಕಿಂತ ರೋಲರು ಮತ್ತು ಚಪ್ಪಟೆ ಚೂರಿ ಅವರಿಗೆ ಪ್ರಿಯ. ಬಣ್ಣ ಹಚ್ಚುವುದು, ಕೆರೆಯುವುದು, ಹರಿದ ಕಾಗದದ ತುಂಡು ಒತ್ತಿ ಬಣ್ಣವನ್ನು ಎತ್ತಿಕೊಳ್ಳುವುದು, ಮತ್ತೆ ಹಚ್ಚುವುದು. ತಮ್ಮ ಕೆಲಸವನ್ನು ‘ಅಮೂರ್ತ’ ಎಂದರೆ ಅವರು ಒಪ್ಪುತ್ತಿರಲಿಲ್ಲ. ಅಮೂರ್ತವೆಂದರೆ ಮೊದಲು ಒಂದು ಮೂರ್ತವಿತ್ತು, ಅದನ್ನು ಸೋಸಿ ಇಷ್ಟು ಉಳಿಸಿದೆ ಎಂದಾಗುತ್ತದಲ್ಲ. ಬ್ರಾಂಕುಶಿಯದು ಹಾಗೆ, ಹಕ್ಕಿಯಿಂದ ಹೊರಟು ಹಾರಾಟಕ್ಕೆ ಬಂದು ನಿಂತದ್ದು. ಗಾಯ್ತೊಂಡೆಯವರದು ಯಾವುದರಿಂದಲೂ ಹೊರಟದ್ದಲ್ಲ. ಅದಕ್ಕೆ ಅವರು ವಸ್ತುವೇ ಇಲ್ಲದ ಚಿತ್ರ ಎನ್ನುತ್ತಿದ್ದರು. ‘ಎಂತದರ ಚಿತ್ರ?’ ಎಂದರೆ ಉತ್ತರ: ಎಂತದರದ್ದೂ ಅಲ್ಲ, ಬಣ್ಣ ಒಣಗುವುದಕ್ಕೆ ತೆಗೆದುಕೊಂಡ ಕಾಲದ್ದು. ನಮ್ಮ ಎದುರಿಗಿದ್ದದ್ದು ಅವರದಲ್ಲ, ಅವರ ದಾರಿಯಲ್ಲಿ ನಡೆದ ಬೇರೊಬ್ಬರದು. ಆದರೆ ಸಾರಿಸಿದ ಅಂಗಳವನ್ನು ಎಪ್ಪತ್ತು ವರ್ಷ ನೋಡಿದ ಕಣ್ಣು ಒಂದು ಪುಸ್ತಕವನ್ನೂ ಓದದೆ ಅದರ ಕೆಲಸದ ಕ್ರಮವನ್ನು ಬಿಡಿಸಿಟ್ಟಿತು. ಹೆಸರಿಡದೆ ಬಿಟ್ಟಿದ್ದೂ ಇದಕ್ಕೇ ಇರಬೇಕು. ‘ಅಂಗಳ’ ಎಂದು ಚೀಟಿ ಅಂಟಿಸಿದ್ದರೆ ನಾವು ಅಂಗಳ ಹುಡುಕಿ, ಸಿಕ್ಕಿತು ಎಂದು, ಹದಿನೇಳು ಸೆಕೆಂಡಿನಲ್ಲಿ ಮುಂದೆ ಹೋಗುತ್ತಿದ್ದೆವು.

ಹಾಗೆಂದು ಎಲ್ಲ ಹಳದಿಯೂ ಕಾಲು ಗಂಟೆಗೆ ಯೋಗ್ಯವಲ್ಲ. ಕೆಲವು ಹಳದಿ ಬರೀ ಹಳದಿ. ‘ನನ್ನ ಮಗನೂ ಮಾಡುತ್ತಾನೆ’ ಎಂಬ ಮಾತನ್ನು ಮನಃಶಾಸ್ತ್ರದವರು ಪರೀಕ್ಷೆಗೇ ಒಡ್ಡಿದ್ದಾರೆ. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಹೆಸರಾಂತ ಅಮೂರ್ತ ಚಿತ್ರಕಾರರ ಕೃತಿಯ ಪಕ್ಕ ಮಕ್ಕಳೋ ಕೋತಿ, ಆನೆಗಳೋ ಬಳಿದದ್ದನ್ನು ಇಟ್ಟು ಯಾವುದು ಮೇಲು ಎಂದು ಕೇಳಿದರು. ಕಲೆಯ ಗಂಧವಿಲ್ಲದವರೂ ಅರ್ಧಕ್ಕಿಂತ ಸಾಕಷ್ಟು ಹೆಚ್ಚು ಸಲ ಕಲಾವಿದರದನ್ನೇ ಆರಿಸಿದರು. ಹೆಸರುಚೀಟಿಗಳನ್ನು ಅದಲುಬದಲು ಮಾಡಿದಾಗಲೂ ಅಷ್ಟೆ. ಪ್ರತಿ ಸಲವೂ ಅಲ್ಲ ಎಂಬುದನ್ನೂ ಮರೆಯಬಾರದು. ಕೋತಿಗೂ ಅಷ್ಟಿಷ್ಟು ಅಂಕ ಸಿಕ್ಕಿತು.

ನಮ್ಮ ಕಣ್ಣಿಗೆ ಅಡ್ಡ ಬರುವ ಇನ್ನೊಂದು ಸಂಗತಿ ದುಡ್ಡು. 2021ರಲ್ಲಿ ಗಾಯ್ತೊಂಡೆಯವರ ಒಂದು ಚಿತ್ರ ಸುಮಾರು 40 ಕೋಟಿ ರೂಪಾಯಿಗೆ ಹೋಯಿತು. 2025ರಲ್ಲಿ ಹುಸೇನರ ‘ಗ್ರಾಮ ಯಾತ್ರಾ’ 118 ಕೋಟಿಗೆ. 1954ರಲ್ಲಿ ಬರೆದ ಆ ಹದಿನಾಲ್ಕು ಅಡಿ ಅಗಲದ ಚಿತ್ರ ದಶಕಗಟ್ಟಲೆ ನಾರ್ವೆಯ ಆಸ್ಪತ್ರೆಯೊಂದರ ಗೋಡೆಯಲ್ಲಿ ಇತ್ತು. ಗೋಡೆಗೆ ಟೇಪು ಹಚ್ಚಿ ಅಂಟಿಸಿದ ಬಾಳೆಹಣ್ಣನ್ನು 2024ರಲ್ಲಿ 62 ಲಕ್ಷ ಡಾಲರಿಗೆ ಕೊಂಡ ಮಹಾಶಯ ಅದನ್ನು ಸುಲಿದು ತಿಂದದ್ದೂ ಸುದ್ದಿಯಾಯಿತು. ಇವೆಲ್ಲ ದುಡ್ಡಿನ ಸುದ್ದಿ. ಸೈಟಿನ ರೇಟು ಕೇಳಿ ಮಣ್ಣಿನ ಗುಣ ಹೇಳಲು ಬರುತ್ತದೆಯೇ?

ನನ್ನ ದೊಡ್ಡ ತಕರಾರು ಇರುವುದು ಗೋಡೆಯ ಚೀಟಿಗಳ ಮೇಲೆ. ವಾಲಿ ಏನು ಕೇಳಿದ ಎಂದು ತಡವಾಗಿ ಬಂದವನಿಗೆ ಪಿಸುಗುಟ್ಟಬೇಕಾದವು ಅವೇ. ನಾನು ಕಂಡ ಎಷ್ಟೋ ಪ್ರದರ್ಶನಗಳಲ್ಲಿ ಚೀಟಿ ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ. ಆ ಇಂಗ್ಲಿಷಾದರೂ ಇಂಗ್ಲಿಷ್ ಬಲ್ಲವರಿಗೂ ಅರ್ಥವಾಗುವಂಥದ್ದಲ್ಲ. ಕೃತಿ ‘ಅವಕಾಶಗಳನ್ನು ಪ್ರಶ್ನಿಸುತ್ತದೆ’, ‘ಅಸ್ಮಿತೆಗಳೊಂದಿಗೆ ಸಂಧಾನ ನಡೆಸುತ್ತದೆ’. ಯಾವ ಅವಕಾಶ, ಯಾರ ಅಸ್ಮಿತೆ, ಸಂಧಾನ ಎಲ್ಲಿಗೆ ಬಂತು ಎಂದು ಕೇಳುವ ಹಾಗಿಲ್ಲ. ಮಾಲೆವಿಚ್‌ನ ಚೌಕದ ಪಕ್ಕ ‘ಇದನ್ನು ಮೊದಲು ದೇವರ ಪಟದ ಮೂಲೆಯಲ್ಲಿ ಕಟ್ಟಿದ್ದರು’ ಎಂಬ ಒಂದು ಸಾಲು ಮಾಡುವ ಕೆಲಸವನ್ನು ಅಂಥ ನಾಲ್ಕು ಪುಟವೂ ಮಾಡದು. ಕನ್ನಡದಲ್ಲಿ ಎರಡು ಸಾಲು ಬರೆಸಲು ಎಷ್ಟು ಖರ್ಚಾದೀತು?

ಮನೆಗೆ ಬಂದು ಊಟ ಮುಗಿಸಿದೆವು. ಬಸ್ಸಿಗೆ ಇನ್ನೂ ಹೊತ್ತಿತ್ತು. ಮಾವನಿಗೆ ಇನ್ನೊಂದು ಪರೀಕ್ಷೆ ಒಡ್ಡೋಣ ಎಂದು ಒಂದು ಚಿತ್ರಸಂಪುಟ ತೆಗೆದು ಹೆಸರನ್ನು ಕೈಯಿಂದ ಮುಚ್ಚಿ ತೋರಿಸಿದೆ. ದೊಡ್ಡ ಬಿಳಿ ಕೋಣೆ, ಗೋಡೆಯಿಂದ ನೆಲದವರೆಗೆ ಬಳ್ಳಿಗಳಂತೆ ಇಳಿದು ರಾಶಿಬಿದ್ದ ಕಪ್ಪು ಹಗ್ಗ, ಅದರಲ್ಲೇ ಜೋತುಬಿದ್ದ ಹೊಳೆಯುವ ಉಕ್ಕಿನ ತುಂಡುಗಳು. ಶೀಲಾ ಗೌಡ ಅವರ ‘ಬಿಹೋಲ್ಡ್’. 2009ರಲ್ಲಿ ವೆನಿಸ್ಸಿನ ದ್ವೈವಾರ್ಷಿಕ ಪ್ರದರ್ಶನದಲ್ಲಿ ಇಟ್ಟದ್ದು, ಈಗ ಲಂಡನ್ನಿನ ಟೇಟ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಶೀಲಾ ಭದ್ರಾವತಿಯಲ್ಲಿ ಹುಟ್ಟಿದವರು, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತವರು. 1990ರ ದಶಕದ ಆರಂಭದಲ್ಲಿ, ದೇಶ ಕೋಮುಗಲಭೆಯಲ್ಲಿ ಬೇಯುತ್ತಿದ್ದಾಗ, ಕುಂಚ ಬಿಟ್ಟು ಸೆಗಣಿ ಕೈಗೆತ್ತಿಕೊಂಡರು. ಆಮೇಲೆ ಕುಂಕುಮ, ಸೂಜಿ, ದಾರ.

ಮಾವ ಕನ್ನಡಕ ಏರಿಸಿ ಎರಡು ಕ್ಷಣವೂ ನೋಡಲಿಲ್ಲ.

‘ಇದು ಲಾರಿ, ಕಾರಿಗೆ ಕಟ್ಟುವ ಕೂದಲಿನ ಹಗ್ಗ ಅಲ್ವಾ? ಬಂಪರಿಗೆ ಸುತ್ತುತ್ತಾರೆ ನೋಡು, ದೃಷ್ಟಿ ತಾಗಬಾರದು ಅಂತ. ಈ ಹೊಳೆಯುವುದು ಬಂಪರೇ.’

ಹೌದು. ಹರಕೆ ಹೊತ್ತು ದೇವಸ್ಥಾನಗಳಲ್ಲಿ ಮುಡಿ ಕೊಟ್ಟವರ ಕೂದಲು. ಉದ್ದನೆಯದು ವಿಗ್ಗಿನ ವ್ಯಾಪಾರಕ್ಕೆ ಹೋದ ಮೇಲೆ ಉಳಿದ ಗಿಡ್ಡ ಕೂದಲನ್ನು ಹೊಸೆದು ಹಗ್ಗ ಮಾಡುತ್ತಾರೆ. ಅಂಥ ಸಾವಿರಾರು ಮೀಟರ್ ಹಗ್ಗ ಅಲ್ಲಿ ಬಿದ್ದಿದೆ. ಕಬ್ಬಿಣದ ಗಾಡಿಯನ್ನು ಗುರುತಿಲ್ಲದ ಯಾರದೋ ತಲೆಗೂದಲು ಕಾಯಬೇಕು ಎಂಬ ನಂಬಿಕೆ ನಮ್ಮ ರಸ್ತೆಗಳಲ್ಲಿ ದಿನವೂ ಓಡಾಡುತ್ತದೆ. ಇಲ್ಲಿ ಬಂಪರಿನ ಭಾರವನ್ನು ನಿಜಕ್ಕೂ ಹೊತ್ತು ನಿಂತದ್ದು ಆ ಕೂದಲೇ. ಲಂಡನ್ನಿನಲ್ಲಿ ಇದರ ಮುಂದೆ ನಿಂತವರಿಗೆ ಚೀಟಿ ಓದದೆ ಒಂದೂ ತಿಳಿಯಲಿಕ್ಕಿಲ್ಲ. ಅವರೂ ತಮ್ಮ ಭಾಷೆಯಲ್ಲಿ ‘ಇದೆಂತ ಮಾರಾಯ’ ಎಂದೇ ಕೇಳುತ್ತಿರಬೇಕು.

ಮಾವ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ಇನ್ನೊಮ್ಮೆ ನೋಡಿದರು. ಯಾರು ಮಾಡಿದ್ದು, ಯಾವ ಊರಿನವರು, ಈಗ ಎಲ್ಲಿ ಉಂಟು ಎಂದು ಒಂದೊಂದಾಗಿ ಕೇಳಿದರು. ಹೇಳಿದೆ. ಚೀಲದ ಜಿಪ್ ಎಳೆಯುತ್ತಾ, ಯಾರ ಮೇಲೆಂದು ತಿಳಿಯದ ಒಂದು ಸಿಟ್ಟಿನಲ್ಲಿ ಅಂದರು:

‘ಅಲ್ಲ ಮಾರಾಯ, ನಮ್ಮವರು ಬೋಳಿಸಿಕೊಂಡ ಕೂದಲನ್ನು ನೋಡ್ಲಿಕ್ಕೆ ನಾನು ಲಂಡನ್ನಿಗೆ ಹೋಗ್ಬೇಕಾ?’